ವೆರ್ಮೀರ್‌ನ ಹಾಲು ಸುರಿಯುವ ಹೆಂಗಸನ್ನು ಎಣ್ಣೆಬಣ್ಣದಲ್ಲಿ ಮರುಚಿತ್ರಿಸುತ್ತಿದ್ದೇನೆ: ಒಣಗದ ತಳಪದರವನ್ನು ಕೆರೆಯಬೇಕೇ, ಹೊಸದಾಗಿ ತೊಡಗಬೇಕೇ?

ಬೆಳಕಿಂಡಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಎರಡು ವರ್ಷಗಳಿಂದ ರವಿವಾರಗಳಂದು ಎಣ್ಣೆಬಣ್ಣ ಕಲಿಯುತ್ತಿದ್ದೇನೆ. ಹೂದಾನಿ, ಹಣ್ಣಿನ ಬುಟ್ಟಿಗಳೆಲ್ಲ ಮುಗಿದ ಮೇಲೆ, ಮನುಷ್ಯಾಕೃತಿಯಿರುವ ಒಂದು ಹಳೆಯ ಕೃತಿಯನ್ನು ಮೊದಲಿನಿಂದ ಕೊನೆಯವರೆಗೆ ಮರುಚಿತ್ರಿಸದೆ ಈ ಮಾಧ್ಯಮ ಕೈಗೆ ಹತ್ತುವುದಿಲ್ಲ ಎಂದು ನಿಶ್ಚಯಿಸಿ, ಡಚ್ ಕಲಾವಿದ ಯೊಹಾನೆಸ್ ವೆರ್ಮೀರ್ 1660ರ ಸುಮಾರಿಗೆ ಬರೆದ, ಅಡುಗೆಮನೆಯಲ್ಲಿ ಹಾಲು ಸುರಿಯುತ್ತಿರುವ ಹೆಂಗಸಿನ ಚಿತ್ರವನ್ನು ಆರಿಸಿಕೊಂಡೆ. ಮೂಲ ಚಿತ್ರ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿದೆ. ಅದರ ಎತ್ತರ 45.5 ಸೆಂ.ಮೀ., ಅಗಲ 41 ಸೆಂ.ಮೀ.; ಅಂದರೆ ಹೆಚ್ಚುಕಡಿಮೆ 18 ಅಂಗುಲಕ್ಕೆ 16 ಅಂಗುಲ. ಮೂಲದಷ್ಟೇ ಅಳತೆಯಲ್ಲಿ ಬರೆಯಬಹುದು ಎಂಬುದೂ ಆಯ್ಕೆಗೆ ಒಂದು ಕಾರಣ.

ಆಗಿರುವ ತೊಂದರೆಯನ್ನು ಹೇಳುತ್ತೇನೆ. ಚೌಕುಳಿ ಹಾಕಿ ರೇಖೆಗಳನ್ನು ಇಳಿಸಿಕೊಂಡ ಮೇಲೆ, ರಾ ಅಂಬರ್ ಬಣ್ಣವನ್ನು ತೆಳ್ಳಗೆ ಮಾಡಿ ಇಡೀ ಕ್ಯಾನ್ವಾಸಿಗೆ ಕಂದು ತಳಪದರ ಕೊಟ್ಟೆ. ಬಣ್ಣ ತೆಳ್ಳಗಾಗಲು ಬಳಸಿದ್ದು ಮನೆಯಲ್ಲಿದ್ದ ಗಾಣದ ಕುಸುಬಿ ಎಣ್ಣೆ. ಚಿತ್ರಕಾರರು ಕುಸುಬಿ ಎಣ್ಣೆ ಬಳಸುತ್ತಾರೆ ಎಂದು ಓದಿದ್ದೆ. ನಮ್ಮದೇ ಹೊಲದ ಕುಸುಬಿ ಇರುವಾಗ ಅಂಗಡಿಯ ಸಣ್ಣ ಬಾಟಲಿಗೆ ಅಷ್ಟೊಂದು ಹಣ ಏಕೆ ಕೊಡಬೇಕು ಎನಿಸಿತು. ಆರು ವಾರ ಕಳೆದರೂ ಅದು ಬೆರಳಿಗೆ ಅಂಟುತ್ತಲೇ ಇತ್ತು. ಧೂಳು ಕೂಡಬಾರದೆಂದು ಕ್ಯಾನ್ವಾಸನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದೆ. ಕೊನೆಗೆ ತಾಳ್ಮೆ ಸಾಲದೆ, ಹಳದಿ ಕುಪ್ಪಸವನ್ನು ಟರ್ಪೆಂಟೈನ್ ಹೆಚ್ಚಾಗಿ ಬೆರೆಸಿ ಅದರ ಮೇಲೆಯೇ ಬರೆದೆ. ಕುಪ್ಪಸ ಬೇಗ ಒಣಗಿತು. ಆದರೆ ತಿಂಗಳೊಳಗೆ ಭುಜದ ಮೇಲೆ ಕೂದಲೆಳೆಯಂಥ ಬಿರುಕುಗಳು ಮೂಡಿದವು. ಮುಖವಂತೂ ಕತ್ತರಿಸಿ ಅಂಟಿಸಿದ ಕಾಗದದಂತೆ ಗೋಡೆಯಿಂದ ಬೇರೆಯಾಗಿಯೇ ಕಾಣುತ್ತದೆ. ರೇಖೆಗಳಲ್ಲಿ ತಪ್ಪಿಲ್ಲ, ಎರಡು ಸಲ ಅಳೆದು ನೋಡಿದ್ದೇನೆ. ನಾಲ್ಕು ತಿಂಗಳ ಕೆಲಸವನ್ನು ಉಳಿಸಿಕೊಳ್ಳಲು ದಾರಿ ಇದೆಯೇ?

ಕೋಟೆಕೆರೆ, ಬೆಳಗಾವಿ

ತಂಗಿ, ನಲವತ್ತು ವರ್ಷ ಎಣ್ಣೆಬಣ್ಣದೊಡನೆ ಕಳೆದವನಾಗಿ ನೇರವಾಗಿ ಹೇಳುತ್ತೇನೆ: ಆ ಕ್ಯಾನ್ವಾಸನ್ನು ಉಳಿಸಲು ಹೋಗಬೇಡಿ. ಅದರಿಂದ ಕಲಿಯಬೇಕಾದದ್ದನ್ನು ನೀವು ಅರ್ಧ ಕಲಿತಾಗಿದೆ; ಉಳಿದರ್ಧ ಅದು ಹೀಗೇಕೆ ಆಯಿತು ಎಂದು ತಿಳಿಯುವುದರಲ್ಲಿದೆ.

ಎಣ್ಣೆಬಣ್ಣ ಒಣಗುವುದೆಂದರೆ ಒಗೆದ ಬಟ್ಟೆ ಒಣಗಿದಂತೆ ಅಲ್ಲ. ಟರ್ಪೆಂಟೈನ್ ಆವಿಯಾಗಿ ಹೋಗುತ್ತದೆ, ನಿಜ. ಆದರೆ ಎಣ್ಣೆ ಎಲ್ಲಿಗೂ ಹೋಗುವುದಿಲ್ಲ. ಅದು ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು, ತನ್ನೊಳಗೇ ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತದೆ. ಹೀಗಾಗಿ ಒಣಗುವಾಗ ಅದರ ತೂಕ ಕಡಿಮೆಯಾಗುವ ಬದಲು ಮೊದಲು ತುಸು ಹೆಚ್ಚುತ್ತದೆ. ಈ ಗುಣ ಎಲ್ಲ ಎಣ್ಣೆಗೂ ಇಲ್ಲ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ವರ್ಷಗಟ್ಟಲೆ ಇಟ್ಟರೂ ಪೊರೆಗಟ್ಟುವುದಿಲ್ಲ. ಅಗಸೆ ಎಣ್ಣೆಗೆ ಈ ಗುಣ ಬಹಳ, ಅಕ್ರೋಟಿನ ಎಣ್ಣೆಗೂ ಕುಸುಬಿ ಎಣ್ಣೆಗೂ ಇದೆ. ನಾವು ರೊಟ್ಟಿಯ ಜೊತೆ ತಿನ್ನುವ ಅಗಸಿ ಹಿಂಡಿಯ ಆ ಕಾಳಿನ ಎಣ್ಣೆಯಲ್ಲೇ ಯುರೋಪಿನ ಕಲಾವಿದರು ಬಣ್ಣ ಅರೆದರು. ಅದೇ ಗಿಡದ ನಾರಿನಿಂದ ನೇಯ್ದ ಬಟ್ಟೆಯ ಮೇಲೆ ಚಿತ್ರ ಬರೆದರು. ಈ ಮಾತನ್ನು ಹೇಳಿದಾಗಲೆಲ್ಲ ನನ್ನ ವಿದ್ಯಾರ್ಥಿಗಳ ಮುಖ ಅರಳುತ್ತಿತ್ತು.

ಹಾಗಾದರೆ ನಿಮ್ಮ ಕುಸುಬಿ ಎಣ್ಣೆ ಏಕೆ ಕೈಕೊಟ್ಟಿತು? ಕಲಾವಿದರ ಅಂಗಡಿಯ ಕುಸುಬಿ ಎಣ್ಣೆಯನ್ನು ಅಂಟು, ಮಡ್ಡಿಗಳನ್ನು ತೆಗೆದು ಶುದ್ಧಗೊಳಿಸಿರುತ್ತಾರೆ. ಗಾಣದ ಎಣ್ಣೆಯಲ್ಲಿ ಅವೆಲ್ಲ ಹಾಗೆಯೇ ಇರುತ್ತವೆ. ಊಟಕ್ಕೆ ಒಳ್ಳೆಯದು, ಚಿತ್ರಕ್ಕೆ ಅಲ್ಲ. ಈಗಿನ ಕೆಲವು ಕುಸುಬಿ ತಳಿಗಳ ಎಣ್ಣೆಯಲ್ಲಿ ಒಲೀಕ್ ಎಂಬ ಕೊಬ್ಬಿನ ಆಮ್ಲ ಹೆಚ್ಚಾಗಿರುವುದರಿಂದ ಅದು ಸರಿಯಾಗಿ ಪೊರೆಗಟ್ಟುವುದೇ ಇಲ್ಲ. ಇದಲ್ಲದೆ, ಶುದ್ಧ ಕುಸುಬಿ ಎಣ್ಣೆ ಕೂಡ ಅಗಸೆ ಎಣ್ಣೆಗಿಂತ ನಿಧಾನವಾಗಿ ಒಣಗುತ್ತದೆ. ಅದು ಅಷ್ಟು ಹಳದಿಗಟ್ಟುವುದಿಲ್ಲವಾದ್ದರಿಂದ ಬಿಳಿ ಮತ್ತು ನೀಲಿ ಬಣ್ಣಗಳನ್ನು ಅರೆಯಲು ಬಳಸುತ್ತಾರೆ, ಆದರೆ ತಳಪದರಕ್ಕೆ ಅದು ಹೇಳಿದ್ದಲ್ಲ.

ಬಿರುಕಿನ ಕಾರಣ ನಿಮಗೆ ಎರೆ ಹೊಲ ನೋಡಿ ಗೊತ್ತಿರಬೇಕು. ಮೇಲ್ಪದರ ಬಲಿತು ಗಟ್ಟಿಯಾದ ಮೇಲೂ ಕೆಳಗಿನ ಹಸಿ ಇನ್ನೂ ಅಲುಗಾಡುತ್ತಿದ್ದರೆ, ಮೇಲಿನದು ಸೀಳದೆ ಬೇರೆ ಗತಿಯಿಲ್ಲ. ಆದ್ದರಿಂದಲೇ ಮೊದಲ ಪದರಕ್ಕೆ ಟರ್ಪೆಂಟೈನ್ ಹೆಚ್ಚು, ಎಣ್ಣೆ ಕಡಿಮೆ. ಮೇಲೆ ಹೋದಂತೆ ಎಣ್ಣೆ ಸ್ವಲ್ಪಸ್ವಲ್ಪ ಹೆಚ್ಚು. ನೀವು ಇದನ್ನು ತಲೆಕೆಳಗು ಮಾಡಿದಿರಿ. ಅಂಬರ್ ಆರಿಸಿದ್ದು ಮಾತ್ರ ಸರಿಯಾಗಿದೆ, ಏಕೆಂದರೆ ಅದರಲ್ಲಿರುವ ಮ್ಯಾಂಗನೀಸು ಎಣ್ಣೆಯನ್ನು ಬೇಗ ಒಣಗಿಸುತ್ತದೆ. ನಿಧಾನವಾಗಿ ಒಣಗುವ ಐವರಿ ಬ್ಲ್ಯಾಕ್ ಎಂಬ ಕಪ್ಪಿನಿಂದ ತಳಪದರ ಮಾಡಿದ್ದರೆ ಇನ್ನೂ ಕಷ್ಟವಾಗುತ್ತಿತ್ತು.

ಕ್ಯಾನ್ವಾಸನ್ನು ಗೋಡೆಯ ಕಡೆ ತಿರುಗಿಸಿ ಇಡಬೇಡಿ. ಕತ್ತಲೆಯಲ್ಲಿ ಒಣಗಿದ ಅಗಸೆ ಎಣ್ಣೆ ಹಳದಿಗಟ್ಟುತ್ತದೆ. ಬೆಳಕಿರುವ ಕೋಣೆಯಲ್ಲಿ, ಮೇಲಂಚು ತುಸು ಮುಂದಕ್ಕೆ ಬಾಗುವಂತೆ ನಿಲ್ಲಿಸಿದರೆ ಧೂಳು ಮುಖದ ಮೇಲೆ ಕೂಡುವುದಿಲ್ಲ. ಕದ ಕಿಟಕಿಗಳಿಗೆ ಹಚ್ಚಲೆಂದು ಬಣ್ಣದ ಅಂಗಡಿಯಲ್ಲಿ ಮಾರುವ ಕುದಿಸಿದ ಅಗಸೆ ಎಣ್ಣೆಯನ್ನೂ ತರಬೇಡಿ. ಅದು ಬೇಗ ಒಣಗುತ್ತದೆ, ಆದರೆ ಕಪ್ಪಾಗುತ್ತದೆ.

ಇನ್ನೊಂದು ಮಾತನ್ನು ದಯವಿಟ್ಟು ಮರೆಯಬೇಡಿ. ಅಗಸೆ ಎಣ್ಣೆಯಲ್ಲಿ ತೊಯ್ದ ಚಿಂದಿ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಒಣಗುವಾಗ ಹುಟ್ಟುವ ಕಾವು ಒಳಗೇ ಕೂಡಿಕೊಂಡು ತಾನಾಗಿಯೇ ಬೆಂಕಿ ಹತ್ತಬಹುದು. ನಿಮ್ಮ ವಿಜಯಪುರದ ಬೇಸಿಗೆಯಲ್ಲಂತೂ ಇದು ಬರಿಯ ಮಾತಲ್ಲ. ಹೊರಗೆ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಹಾಕಿ ಮುಚ್ಚಳ ಹಾಕಿ.

ಘಟಪ್ರಭಾ ದಂಡೆ, ಬಾಗಲಕೋಟೆ

ಗುರುಗಳು ಎಣ್ಣೆಯ ವಿಷಯದಲ್ಲಿ ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ನನ್ನ ತಕರಾರು ಚಿತ್ರದ ಆಯ್ಕೆಯ ಬಗ್ಗೆ. ಕಣ್ಣಾರೆ ನೋಡಲಾಗದ ಕೃತಿಯನ್ನು ಮೊಬೈಲಿನ ಪರದೆ ನೋಡಿ ಮರುಚಿತ್ರಿಸಿದರೆ ನಾವು ಬಣ್ಣವನ್ನಲ್ಲ, ಪರದೆಯ ಬೆಳಕನ್ನು ನಕಲು ಮಾಡುತ್ತೇವೆ. ಪರದೆಯ ಬಿಳುಪು ಹೊಳೆಯುತ್ತದೆ. ಟ್ಯೂಬಿನ ಬಿಳುಪು ಹೊಳೆಯುವುದಿಲ್ಲ. ನಾನು ಮೊದಲ ಸಲ ಹೀಗೆ ಮಾಡಿ, ಚಿತ್ರದ ನೆರಳುಗಳೆಲ್ಲ ನೀಲಿಗಟ್ಟಿ, ಎಂಟು ತಿಂಗಳ ಕೆಲಸವನ್ನು ಮಡಚಿ ಅಟ್ಟದ ಮೇಲೆ ಇಟ್ಟೆ.

ನಮ್ಮಲ್ಲೇ ರಾಜಾ ರವಿವರ್ಮ ಇದ್ದಾರಲ್ಲ? ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ವಾದ್ಯಗಾರ್ತಿಯರ ಚಿತ್ರವಿದೆ. ಹನ್ನೊಂದು ಹೆಂಗಸರು, ಹನ್ನೊಂದು ಬಗೆಯ ಉಡುಗೆ. ರಾತ್ರಿ ರೈಲು ಹತ್ತಿದರೆ ಮರುದಿನ ಅದರ ಎದುರು ನಿಂತು ಕುಂಚದ ಗುರುತನ್ನು ಹತ್ತಿರದಿಂದ ನೋಡಬಹುದು. ಅದೇ ಅರಮನೆಯಲ್ಲಿ ಹಲ್ದಣಕರ್ ಅವರ ದೀಪ ಹಿಡಿದ ಹೆಂಗಸೂ ಇದ್ದಾಳೆ. ಒಂದೇ ಆಕೃತಿ, ಒಂದೇ ಬೆಳಕು. ಕಲಿಯುವವರಿಗೆ ಎಣ್ಣೆಬಣ್ಣದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಯಾವುದು?

ಬೆಳಕಿಂಡಿ, ವಿಜಯಪುರ

ಇಬ್ಬರಿಗೂ ಕೃತಜ್ಞಳಾಗಿದ್ದೇನೆ. ಚಿಂದಿ ಬಟ್ಟೆಯ ಮಾತು ಓದಿದೊಡನೆ ಮಂಚದ ಕೆಳಗಿನ ಚೀಲವನ್ನು ಹೊರಗೆ ತಂದು ಹರವಿದೆ. ಅದರೊಳಗೆ ಕೈಯಿಟ್ಟಾಗ ನಡುಭಾಗ ನಿಜಕ್ಕೂ ಬೆಚ್ಚಗಿತ್ತು.

ಆಯ್ಕೆಯ ಕಾರಣವನ್ನು ಹೇಳಲೇಬೇಕು. ನಮ್ಮ ತಾಯಿ ಎಮ್ಮೆಯ ಹಾಲನ್ನು ಚರಿಗೆಯಿಂದ ಪಾತ್ರೆಗೆ ಬಗ್ಗಿಸುವಾಗ ಹೀಗೆಯೇ ಮಾತು ನಿಲ್ಲಿಸಿ, ಕಣ್ಣನ್ನು ಧಾರೆಯ ಮೇಲೆ ಇಟ್ಟಿರುತ್ತಿದ್ದರು. ಚಿತ್ರದಲ್ಲಿ ಆ ಹೆಂಗಸಿನ ತೋಳನ್ನು ನೋಡಿ: ಅರಿವೆ ಮೇಲಕ್ಕೆ ಸರಿದಿರುವಲ್ಲಿ ಚರ್ಮ ಬೆಳ್ಳಗಿದೆ, ಮುಂಗೈ ಬಿಸಿಲಿಗೆ ಕೆಂಪಡರಿದೆ. ಹೊಲಕ್ಕೆ ಹೋಗಿ ಬರುವ ಹೆಂಗಸರ ಕೈ ಹಾಗೆಯೇ ಇರುತ್ತದೆ. ರವಿವರ್ಮರ ಚಿತ್ರಗಳನ್ನು ಬಹಳ ಗೌರವದಿಂದ ನೋಡಿದ್ದೇನೆ, ಆದರೆ ನನಗೆ ಈ ತೋಳನ್ನು ಬರೆಯಬೇಕಾಗಿದೆ.

ಪರದೆಯ ವಿಷಯ ಮಾತ್ರ ನಿಜ. ರೈಕ್ಸ್ ಮ್ಯೂಸಿಯಂ ತನ್ನ ಚಿತ್ರಗಳ ದೊಡ್ಡ ಪ್ರತಿಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿದೆ. ಫೋಟೋ ಸ್ಟುಡಿಯೋದಲ್ಲಿ ಮೂಲದ ಅಳತೆಗೇ, ಹೊಳಪಿಲ್ಲದ ಕಾಗದದ ಮೇಲೆ ಮುದ್ರಿಸಿಕೊಂಡು ಕ್ಯಾನ್ವಾಸಿನ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಆದರೆ ಮುಖದ ತೊಂದರೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ರೇಖೆ ಸರಿಯಿದ್ದೂ ಅದು ಏಕೆ ಅಂಟಿಸಿದಂತೆ ಕಾಣುತ್ತದೆ?

ಕೋಟೆಕೆರೆ, ಬೆಳಗಾವಿ

ಮೊದಲು ಬಾಗಲಕೋಟೆಯ ಗೆಳೆಯರಿಗೆ ಒಂದು ತಿದ್ದುಪಡಿ. ಹಲ್ದಣಕರ್ ಅವರ ದೀಪದ ಹೆಂಗಸು ಎಣ್ಣೆಬಣ್ಣದ ಚಿತ್ರವಲ್ಲ, ಜಲವರ್ಣದ್ದು. ನೋಡಿದವರಲ್ಲಿ ಬಹಳ ಜನ ಹೀಗೆಯೇ ತಪ್ಪು ತಿಳಿಯುತ್ತಾರೆ. ನಮ್ಮ ನೆರೆಯ ಸಾವಂತವಾಡಿಯ ಆ ಕಲಾವಿದರ ಕೈಚಳಕ ಅಂಥದು. ಜಲವರ್ಣದಲ್ಲಿ ಬೆಳಕೆಂದರೆ ಬಣ್ಣ ಹಚ್ಚದೆ ಉಳಿಸಿಕೊಂಡ ಕಾಗದ. ಎಣ್ಣೆಬಣ್ಣದಲ್ಲಿ ಬೆಳಕನ್ನು ಕೊನೆಗೆ ದಪ್ಪವಾಗಿ ಇಡುತ್ತೇವೆ. ಒಂದರ ಕ್ರಮವನ್ನು ಇನ್ನೊಂದರಲ್ಲಿ ಕಲಿಯಲು ಹೋದರೆ ಕೈ ಕೆಡುತ್ತದೆ. ವಾದ್ಯಗಾರ್ತಿಯರ ವಿಷಯದಲ್ಲಿ ಹೇಳುವುದಾದರೆ, ಮೊದಲ ಆಕೃತಿ ಚಿತ್ರಕ್ಕೆ ಹನ್ನೊಂದು ಮುಖಗಳು ಬಹಳವಾದವು.

ತಂಗಿ, ನಿಮ್ಮ ಮುಖದ ತೊಂದರೆ ಮುಖದಲ್ಲಿಲ್ಲ, ಗೋಡೆಯಲ್ಲಿದೆ. ಅದು ಸುಣ್ಣದ ಗೋಡೆ ಎಂದು ಗೊತ್ತಿರುವುದರಿಂದ ನೀವು ಅದನ್ನು ಉದ್ದಕ್ಕೂ ಒಂದೇ ಬಿಳಿಯಲ್ಲಿ ತುಂಬಿರುತ್ತೀರಿ. ಒಂದು ರಟ್ಟಿಗೆ ಬಟಾಣಿ ಕಾಳಿನಷ್ಟು ತೂತು ಮಾಡಿ, ಮುದ್ರಿತ ಪ್ರತಿಯ ಮೇಲೆ ಸರಿಸುತ್ತಾ ನೋಡಿ. ಎಡಗಡೆ ಕಿಟಕಿಯ ಕೆಳಗೆ ಗೋಡೆ ಬೂದಿಯ ಬಣ್ಣಕ್ಕೆ ಇಳಿದಿದೆ. ಬಲಗಡೆ ಹೋದಂತೆ ಬೆಳಗಿದೆ. ಹೆಂಗಸಿನಲ್ಲಿ ಇದಕ್ಕೆ ವಿರುದ್ಧ: ಎಡಗಡೆ ಬೆಳಕು, ಬಲಗಡೆ ನೆರಳು. ಬೆಳಗಿದ ಮೈಯ ಹಿಂದೆ ಮಬ್ಬು ಗೋಡೆ, ಮಬ್ಬು ಮೈಯ ಹಿಂದೆ ಬೆಳಗಿದ ಗೋಡೆ. ಅವಳು ಕೋಣೆಯಲ್ಲಿ ಗಾಳಿಯ ನಡುವೆ ನಿಂತಂತೆ ಕಾಣುವುದು ಈ ಅದಲುಬದಲಿನಿಂದ. ಸಾಲದೆಂದು ಅವಳ ಬಲಗಡೆಯ ಅಂಚಿನುದ್ದಕ್ಕೂ ವೆರ್ಮೀರ್ ತೆಳ್ಳನೆಯ ಬಿಳಿ ಗೆರೆಯೊಂದನ್ನು ಎಳೆದಿದ್ದಾನೆ. ಹತ್ತಿರದಿಂದ ನೋಡಿದರೆ ಗೆರೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಗೆರೆ ಕಾಣುವುದಿಲ್ಲ, ಗೋಡೆಯ ಬೆಳಕು ಕಾಣುತ್ತದೆ.

ಇನ್ನೊಂದು, ಅಂಚುಗಳೆಲ್ಲವನ್ನೂ ಒಂದೇ ಹದದಲ್ಲಿ ಹರಿತಗೊಳಿಸಬೇಡಿ. ಟೋಪಿಯ ಬಿಳುಪು ಹಣೆಗೆ ಕೂಡುವಲ್ಲಿ, ಕೆನ್ನೆಯ ನೆರಳು ಕುತ್ತಿಗೆಗೆ ಇಳಿಯುವಲ್ಲಿ, ಎರಡೂ ಹಸಿಯಿರುವಾಗಲೇ ಒಣ ಕುಂಚದಿಂದ ಒಮ್ಮೆ ಮೆಲ್ಲಗೆ ಸವರಿ. ಒಮ್ಮೆ ಮಾತ್ರ. ಅಳೆದು ಬರೆಯುವವರು ಇಲ್ಲಿಯೇ ಎಡವುತ್ತಾರೆ, ಏಕೆಂದರೆ ಅಳತೆಗೆ ಗೆರೆ ಬೇಕು, ಕಣ್ಣಿಗೆ ಬೇಡ. ಬೆಳಗಾವಿಯಲ್ಲಿ ಕೆ. ಬಿ. ಕುಲಕರ್ಣಿಯವರು ಕಲಿಸಿದ, ರವಿ ಪರಾಂಜಪೆಯವರಂಥ ಶಿಷ್ಯರನ್ನು ಬೆಳೆಸಿದ ಭಾವಚಿತ್ರದ ಪರಂಪರೆಯಲ್ಲಿ ನಾವೆಲ್ಲ ಮೊದಲು ಕಲಿತದ್ದು ಕಣ್ಣನ್ನು ಅರೆಮುಚ್ಚಿ ನೋಡುವುದನ್ನು. ಅರೆಮುಚ್ಚಿದ ಕಣ್ಣಿಗೆ ಯಾವ ಅಂಚು ಕಾಣುವುದಿಲ್ಲವೋ ಅದನ್ನು ಬರೆಯಬೇಡಿ.

ಇಳಕಲ್ಲ ಸೆರಗು, ಇಳಕಲ್ಲ

ನಮ್ಮದು ನೇಕಾರರ ಮನೆ. ಚಿತ್ರ ಕಲಿಯುತ್ತಿರುವುದು ಈಚೆಗೆ. ಬಟ್ಟೆಯ ಬಗ್ಗೆ ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಅಕ್ಕನವರೇ, ನೀಲಿ ಏಪ್ರನ್ ಬರೆಯುವಾಗ ಮಡಿಕೆಗಳನ್ನು ಎಣಿಸುವ ಮೊದಲು ಅದು ಎಂಥ ಬಟ್ಟೆ ಎಂದು ಕೇಳಿಕೊಳ್ಳಿ. ರೇಷ್ಮೆಯ ಸೆರಗಿನ ಮಡಿಕೆ ಚೂಪಾಗಿ ಮುರಿಯುತ್ತದೆ, ಮುರಿದಲ್ಲಿ ಹೊಳಪು ಗೆರೆಯಾಗಿ ಓಡುತ್ತದೆ. ದಪ್ಪ ಒರಟು ಬಟ್ಟೆ ಹಾಗೆ ಮುರಿಯುವುದಿಲ್ಲ. ಕೊಳವೆಯಂತೆ ದುಂಡಗೆ ಬಾಗುತ್ತದೆ, ಬೆಳಕು ಅದರ ಮೇಲೆ ಹರಡಿಕೊಳ್ಳುತ್ತದೆ. ವೆರ್ಮೀರ್‌ನ ಏಪ್ರನ್ ಎರಡನೆಯ ಜಾತಿಯದು. ನಾನು ಇದನ್ನು ತಿಳಿಯದೆ ಮೊದಲು ರೇಷ್ಮೆಯ ಮಡಿಕೆಗಳನ್ನೇ ಬರೆದಿದ್ದೆ. ಅಡುಗೆಮನೆಯ ಹೆಂಗಸು ಮದುವೆಗೆ ಹೊರಟಂತೆ ಕಂಡಳು. ಆಮೇಲೆ ಒರಟು ಖಾದಿ ಬಟ್ಟೆಯನ್ನು ಕುರ್ಚಿಗೆ ಸುತ್ತಿ, ಎಡಗಡೆಯಿಂದ ಬೆಳಕು ಬೀಳುವಂತೆ ಇಟ್ಟು, ಬರೀ ಕಂದು ಮತ್ತು ಬಿಳಿಯಲ್ಲಿ ಮೂರು ಸಲ ಬರೆದ ಮೇಲೆ ಮೂಲದ ಮಡಿಕೆಗಳು ಅರ್ಥವಾದವು.

ಆ ನೀಲಿಯ ಬಗ್ಗೆಯೂ ಒಂದು ಮಾತು. ವೆರ್ಮೀರ್ ಬಳಸಿದ ಅಲ್ಟ್ರಾಮರೀನ್ ಅಫ್ಘಾನಿಸ್ತಾನದ ಲಾಜವರ್ದ ಕಲ್ಲನ್ನು ಕುಟ್ಟಿ ತೆಗೆದದ್ದು, ಬಹಳ ತುಟ್ಟಿಯದು. 1820ರ ದಶಕದಲ್ಲಿ ಕೃತಕವಾಗಿ ತಯಾರಿಸುವ ದಾರಿ ಸಿಕ್ಕ ಮೇಲೆ ಅದು ಎಲ್ಲರ ಕೈಗೆ ಬಂತು. ನಮ್ಮ ಟ್ಯೂಬಿನ ಅಲ್ಟ್ರಾಮರೀನ್ ಧಾರಾಳವಾಗಿ ಸಾಕು. ಕುಪ್ಪಸದ ಹಳದಿ ಸೀಸ ಮತ್ತು ತವರದಿಂದ ಮಾಡಿದ ಬಣ್ಣ. ಅದರ ಬದಲು ತಿಳಿ ಕ್ಯಾಡ್ಮಿಯಂ ಹಳದಿಗೆ ಬಿಳಿಯನ್ನೂ ಯೆಲ್ಲೋ ಆಕರ್ ಎಂಬ ಮಣ್ಣುಹಳದಿಯನ್ನು ಚೂರೂ ಬೆರೆಸಿದರೆ ಸನಿಹ ಬರುತ್ತದೆ. ಟೈಟೇನಿಯಂ ಬಿಳಿಯನ್ನು ಕೈ ಬಿಗಿಹಿಡಿದು ಹಾಕಿ. ಅದು ಉಳಿದ ಬಣ್ಣಗಳನ್ನೆಲ್ಲ ನುಂಗುತ್ತದೆ.

ಈ ನಕಲು ಮುಗಿದ ಮೇಲೆ ಅದೇ ದೃಶ್ಯವನ್ನು ನಮ್ಮ ಅಡುಗೆಮನೆಯಲ್ಲಿ, ಇಳಕಲ್ಲ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟವರನ್ನು ನಿಲ್ಲಿಸಿ ಬರೆಯಬೇಕೆಂಬುದು ನನ್ನ ಆಸೆ. ನೀವೂ ಬರೆಯಿರಿ, ಹೋಲಿಸಿ ನೋಡೋಣ.

ಆಸರ ಮಹಲ್ ಓಣಿ, ವಿಜಯಪುರ

ಚಿತ್ರ ಬರೆಯಲು ಬಾರದವನು, ಆದರೆ ಊರಿನ ಇತಿಹಾಸ ಓದುವವನು. ಡಚ್ ಚಿತ್ರಕಲೆ ವಿಜಯಪುರಕ್ಕೆ ಅಪರಿಚಿತವಲ್ಲ ಎಂದು ತಿಳಿಸಲು ಬರೆಯುತ್ತಿದ್ದೇನೆ. ಹಾರ್ಲೆಮ್ ಪಟ್ಟಣದ ಕಾರ್ನೆಲಿಸ್ ಹೆಡಾ ಎಂಬ ಡಚ್ ಚಿತ್ರಕಾರ 1610ರ ಸುಮಾರಿಗೆ ಇಲ್ಲಿಗೆ ಬಂದು ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಕೆಲಸ ಮಾಡಿದ. ವೆರ್ಮೀರ್ ಹುಟ್ಟಿದ್ದು 1632ರಲ್ಲಿ. ಅಂದರೆ ನೀವು ನಕಲು ಮಾಡುತ್ತಿರುವ ಕಲಾವಿದ ಹುಟ್ಟುವ ಮೊದಲೇ ಅವನ ನಾಡಿನ ಕುಂಚವೊಂದು ನಮ್ಮ ಊರಿನಲ್ಲಿ ಓಡಾಡಿತ್ತು.

ಘಟಪ್ರಭಾ ದಂಡೆ, ಬಾಗಲಕೋಟೆ

ಹಲ್ದಣಕರ್ ವಿಷಯದಲ್ಲಿ ನನ್ನ ತಿಳಿವಳಿಕೆ ತಪ್ಪಾಗಿತ್ತು, ತಿದ್ದಿದ್ದಕ್ಕೆ ಗುರುಗಳಿಗೆ ಋಣಿ. ಹೆಡಾನ ಸುದ್ದಿ ಓದಿ ಬಹಳ ಸಂತೋಷವಾಯಿತು.

ಬಟ್ಟೆಯನ್ನು ಬೆಳಕಿನಲ್ಲಿಟ್ಟು ಅಭ್ಯಾಸ ಮಾಡುವವರಿಗೆ ಒಂದು ಎಚ್ಚರಿಕೆ. ಉತ್ತರದ ಕಿಟಕಿಯ ಬೆಳಕು ದಿನವಿಡೀ ಒಂದೇ ಸಮ ಇರುತ್ತದೆ ಎಂದು ಯುರೋಪಿನವರು ಬರೆದ ಪಾಠಗಳಲ್ಲಿ ಇರುತ್ತದೆ. ಅದು ಅವರ ಅಕ್ಷಾಂಶಕ್ಕೆ ಬಹುಮಟ್ಟಿಗೆ ನಿಜ. ನಾವಿರುವುದು ಭೂಮಧ್ಯರೇಖೆಯಿಂದ ಸುಮಾರು 16 ಡಿಗ್ರಿ ಉತ್ತರದಲ್ಲಿ. ಮೇ ತಿಂಗಳ ಮೊದಲ ಭಾಗದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಸರಿದಿರುತ್ತಾನೆ. ಮುಂಜಾನೆ ಸಂಜೆಗಳಲ್ಲಂತೂ ಆ ಕಿಟಕಿಯಿಂದ ಬಿಸಿಲು ಓರೆಯಾಗಿ ಒಳಗೆ ಬರುತ್ತದೆ. ಆ ತಿಂಗಳುಗಳಲ್ಲಿ ಕಿಟಕಿಗೆ ತೆಳು ಬಿಳಿ ಧೋತರ ಕಟ್ಟುವುದು ಸರಿ. ಮಾಳಿಗೆಯ ಬೆಳಕಿಂಡಿಯ ಕೆಳಗೆ ಬರೆಯಬೇಡಿ. ನೆತ್ತಿಯಿಂದ ಬಿದ್ದ ಬೆಳಕಿನಲ್ಲಿ ಕಣ್ಣಿನ ಗುಳಿಗಳು ಕತ್ತಲಾಗುತ್ತವೆ, ವೆರ್ಮೀರ್‌ನ ಪಕ್ಕದ ಬೆಳಕು ಎಂದಿಗೂ ತಿಳಿಯುವುದಿಲ್ಲ.

ಬೆಳಕಿಂಡಿ, ವಿಜಯಪುರ

ಏಳು ವಾರಗಳ ನಂತರ ಬರೆಯುತ್ತಿದ್ದೇನೆ. ಹಳೆಯ ಕ್ಯಾನ್ವಾಸನ್ನು ಕೆರೆಯಲಿಲ್ಲ. ಬಿರುಕನ್ನು ನೆನಪಿಡಲು ಹಾಗೆಯೇ ಇಟ್ಟಿದ್ದೇನೆ. ಹೊಸ ಕ್ಯಾನ್ವಾಸಿಗೆ ಜೆಸ್ಸೊ ಎಂಬ ಬಿಳಿ ಪೂರ್ವಲೇಪ ಹಚ್ಚಿ, ಅಂಬರನ್ನು ಟರ್ಪೆಂಟೈನ್‌ನಲ್ಲಿ ಮಾತ್ರ ತೆಳ್ಳಗೆ ಮಾಡಿ ಸವರಿದೆ. ಎರಡನೆಯ ದಿನವೇ ಬೆರಳಿಗೆ ಹತ್ತಲಿಲ್ಲ. ಅದರ ಮೇಲೆ ಗೋಡೆಯನ್ನು ಮೊದಲು ಬರೆದೆ, ಹೆಂಗಸನ್ನು ಆಮೇಲೆ. ರಟ್ಟಿನ ತೂತಿನಿಂದ ನೋಡಿ ಗೋಡೆಗೆ ಏಳು ಬೂದುಬಣ್ಣಗಳನ್ನು ಕಲಸಿಕೊಂಡಿದ್ದೆ. ಅವುಗಳಲ್ಲಿ ಒಂದನ್ನೂ ನಾನು ಹಿಂದೆ ಬಿಳಿಯಲ್ಲದೆ ಬೇರೆ ಏನೆಂದೂ ಕರೆಯುತ್ತಿರಲಿಲ್ಲ.

ಮುದ್ರಿತ ಪ್ರತಿಯ ಗೋಡೆಯಲ್ಲಿ ಒಂದು ಮೊಳೆಯಿದೆ, ಅದರ ನೆರಳಿದೆ, ಹಿಂದೆಂದೋ ಕಿತ್ತ ಮೊಳೆಗಳ ತೂತುಗಳಿವೆ. ಮೊದಲ ಸಲ ಅವನ್ನು ಕೊಳೆಯೆಂದು ಬಿಟ್ಟಿದ್ದೆ. ಈ ಸಲ ಸಣ್ಣ ಕುಂಚದಿಂದ ಆ ಮೊಳೆಯ ನೆರಳನ್ನು ಇಟ್ಟ ಕೂಡಲೇ ಗೋಡೆ ಹಿಂದಕ್ಕೆ ಸರಿದು ನಿಂತಿತು. ಬಲಗಡೆಯ ಬಿಳಿ ಗೆರೆಯನ್ನು ಎಳೆಯುವಾಗ ಕೈ ನಡುಗಿತು, ಎರಡು ಸಲ ಒರೆಸಿದೆ, ಮೂರನೆಯ ಸಲ ಭುಜದಿಂದ ಸೊಂಟದವರೆಗೆ ಉಸಿರು ಬಿಡದೆ ಎಳೆದೆ. ಮಗಳು ಬಾಗಿಲಲ್ಲಿ ನಿಂತು ನೋಡಿ, ಈಕೆ ಅಜ್ಜಿಯ ಹಾಗೆ ನಿಂತಿದ್ದಾಳೆ ಎಂದಳು.

ಇಳಕಲ್ಲದ ತಂಗಿ ಹೇಳಿದಂತೆ ಏಪ್ರನ್ನಿನ ಮಡಿಕೆಗಳನ್ನು ದುಂಡಗೆ ಬರೆಯುತ್ತಿದ್ದೇನೆ. ಮೇಲಿನ ಎರಡು ಬಂದಿವೆ, ಕೆಳಗಿನದು ಇನ್ನೂ ಮುರಿಯುತ್ತಿದೆ. ಹಾಲಿನ ಧಾರೆಯನ್ನು ಇನ್ನೂ ಇಟ್ಟಿಲ್ಲ. ಹೂಜಿಯ ಬಾಯಿಯ ಕಪ್ಪು ಪೂರ್ತಿ ಒಣಗಬೇಕು. ಉಗುರಿನಿಂದ ಮೆಲ್ಲಗೆ ಒತ್ತಿದರೆ ಇವತ್ತಿಗೂ ಗುರುತು ಬೀಳುತ್ತಿದೆ. ಗುರುಗಳೇ, ಆ ಧಾರೆಗೆ ಬಿಳಿಯ ಜೊತೆ ಅಗಸೆ ಎಣ್ಣೆ ಎಷ್ಟು ಹನಿ ಹಾಕಲಿ?

ಕೋಟೆಕೆರೆ, ಬೆಳಗಾವಿ

ಹಾಕಲೇಬೇಡಿ. ಟ್ಯೂಬಿನಿಂದ ಬಂದ ಹಾಗೆಯೇ ಇರಲಿ, ಅದರಲ್ಲೇ ಎಣ್ಣೆ ಇದೆ. ತುದಿಯ ತುಂಬ ಬಣ್ಣ ತೆಗೆದುಕೊಂಡು, ಹೂಜಿಯ ಅಂಚಿನಿಂದ ಕೆಳಗಿನ ಪಾತ್ರೆಯ ಕಡೆಗೆ ಒಂದೇ ಎಳೆ, ಹಾಲು ಬೀಳುವ ದಿಕ್ಕಿನಲ್ಲಿಯೇ.